ಚೀಸ್ ಸಂತೆಗೆ ಹೋಗಿ ಬಂದ ವರ್ಷ

ಹೋದ ತಿಂಗಳು ಮಗಳು ಆಂಡ್ರಿಯಾ ಕೆಳಗಿನ ಅಂಗಡಿಯಿಂದ ಒಂದು ತುಂಡು ಚೀಸ್ ತಂದಳು. ಅಬುಧಾಬಿಯ ರೀಮ್ ಐಲ್ಯಾಂಡಿನ ನಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆಯೂ ಹಜಾರವೂ ಒಂದೇ. ಅವಳು ಪ್ಯಾಕೆಟ್ ಕತ್ತರಿಸಿದ್ದೇ ತಡ, ಆ ಕಡೆ ಬಟ್ಟೆಗೆ ಇಸ್ತ್ರಿ ಹಾಕುತ್ತಾ ನಿಂತಿದ್ದ ನನ್ನ ಮೂಗಿಗೆ ವಾಸನೆ ಬಡಿಯಿತು. ಮಗು ಹಾಲು ಕಕ್ಕಿದ ಬಟ್ಟೆಯನ್ನು ಎರಡು ದಿನ ಬಕೆಟ್ಟಿನಲ್ಲಿ ಮರೆತರೆ ಬರುವಂಥ ವಾಸನೆ.

"ಅದನ್ನು ತಿನ್ನಬೇಡ, ಬಿಸಾಡು" ಎಂದೆ.

"ಮಮ್ಮಾ, ಇಟ್ಸ್ ಜಸ್ಟ್ ಚೀಸ್" ಎಂದಳು ಅವಳು. ಕೊಂಕಣಿಯಲ್ಲಿ ಬೈದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ. ನಾನು ತುಂಡನ್ನು ಬೆಳಕಿಗೆ ಹಿಡಿದೆ. ಮಧ್ಯದಲ್ಲಿ ಉದ್ದಕ್ಕೆ ಒಂದು ಬಿರುಕು. ಕಸದ ಚೀಲಕ್ಕೆ ಹಾಕಿ, ಚೀಲವನ್ನು ಬಿಗಿಯಾಗಿ ಕಟ್ಟಿ ಹೊರಗಿಟ್ಟು ಬಂದೆ. ಇಸ್ತ್ರಿ ಮಾತ್ರ ಆ ದಿನ ಮುಂದುವರಿಯಲಿಲ್ಲ.

ಮೂರು ವರ್ಷದ ಹಿಂದಿನ ಮಾತು. ಆಗ ನಾನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಚೀಸ್ ಗೋದಾಮಿನಲ್ಲಿ ಕ್ವಾಲಿಟಿ ನೋಡುವ ಕೆಲಸದಲ್ಲಿದ್ದೆ. ಹಾಲೆಂಡಿನಿಂದ ಕಂಟೈನರಿನಲ್ಲಿ ಹನ್ನೆರಡು ಹನ್ನೆರಡು ಕಿಲೋದ ಉರುಟು ಚೀಸ್ ಬರುತ್ತಿತ್ತು. ಹಳದಿ ಮೇಣದಂಥ ಹೊದಿಕೆ, ಗಾಡಿಯ ಗಾಲಿಯ ಆಕಾರ. ಅದನ್ನು ಕೋಲ್ಡ್ ರೂಮಿನಲ್ಲಿ ಇಟ್ಟು, ಬೇಕಾದಾಗ ಕತ್ತರಿಸಿ, ಪ್ಯಾಕ್ ಮಾಡಿ ಹೋಟೆಲುಗಳಿಗೂ ಅಂಗಡಿಗಳಿಗೂ ಕಳಿಸುವುದು. ನನ್ನ ಕೆಲಸ ಥರ್ಮಾಮೀಟರ್ ಚುಚ್ಚುವುದು, ಫಾರಂ ತುಂಬುವುದು, ಸಹಿ ಹಾಕುವುದು. ಊರಿನಲ್ಲಿ, ಶಿರ್ವದ ಮನೆಯಲ್ಲಿ ನಾನು ಕಂಡ ಚೀಸ್ ಎಂದರೆ ಗಲ್ಫಿನಿಂದ ರಜೆಗೆ ಬಂದ ಮಾವ ತರುತ್ತಿದ್ದ ತಗಡಿನ ಡಬ್ಬಿಯದು ಮಾತ್ರ. ಆದರೂ ಆರು ವರ್ಷ ಸಹಿ ಹಾಕಿ ಹಾಕಿ, ಚೀಸಿನ ಬಗ್ಗೆ ನನಗೆ ಗೊತ್ತಿಲ್ಲದ್ದು ಇಲ್ಲ ಎಂಬ ಜಂಬ ಬಂದುಬಿಟ್ಟಿತ್ತು.

ಕೋಲ್ಡ್ ರೂಮ್ ನೋಡಿಕೊಳ್ಳುತ್ತಿದ್ದವರು ಸದಾಶಿವಣ್ಣ. ಮೂಲ್ಕಿ ಕಡೆಯವರು, ತುಳು ಮನೆಮಾತು. ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಿಂದ ಬೆಳಿಗ್ಗೆ ಐದಕ್ಕೆ ಹೊರಡುವ ಬಸ್ಸಿನಲ್ಲಿ ಹದಿನಾಲ್ಕು ವರ್ಷದಿಂದ ಬರುತ್ತಿದ್ದರು. ಹೊರಗೆ ನಲವತ್ತೇಳು ಡಿಗ್ರಿ ಸುಡುತ್ತಿದ್ದರೆ ಇವರು ದಪ್ಪ ಜಾಕೆಟ್, ಮಂಕಿ ಟೋಪಿ ಹಾಕಿಕೊಂಡು ಊಟಕ್ಕೆ ಹೊರಗೆ ಬರುವರು. ಉಳಿದವರ ಮುಂದೆ ನನ್ನನ್ನು ಮೇಡಂ ಎನ್ನುವರು. ಇಬ್ಬರೇ ಇದ್ದರೆ, ಊರಲ್ಲಿ ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ, ಬಾಯಮ್ಮ. ಹೊಸ ಮಾಲು ಬಂದಾಗ ಅವರು ಪ್ರತಿಯೊಂದನ್ನೂ ಬೆರಳಿನ ಗಂಟಿನಿಂದ ತಟ್ಟಿ ಕಿವಿಗೊಡುತ್ತಿದ್ದರು, ಹಿತ್ತಿಲಿನ ಹಲಸಿನಕಾಯಿ ತಟ್ಟಿ ನೋಡಿದ ಹಾಗೆ. ನಾವೆಲ್ಲ ಅದನ್ನು ತಮಾಷೆ ಮಾಡುತ್ತಿದ್ದೆವು. "ಎಂತ ಸದಾಶಿವಣ್ಣ, ಇನ್ನೆಷ್ಟು ದಿನಕ್ಕೆ ಹಣ್ಣಾಗ್ತದೆ?" ಎಂದು ನಾನೇ ಎಷ್ಟೋ ಸಲ ಕೇಳಿದ್ದುಂಟು.

ಆ ವರ್ಷದ ಜೂನಿನಲ್ಲಿ ಒಂದು ಲಾಟ್ ಬಂತು. ಮಧ್ಯಾಹ್ನದ ಹೊತ್ತು, ಕಂಟೈನರ್ ಬಾಗಿಲು ತೆರೆದರೆ ಮುಖಕ್ಕೆ ಒಮ್ಮೆಗೇ ತಣ್ಣಗೂ ಬಿಸಿಯೂ ಹೊಡೆಯುವುದು. ನಾನು ಬೇಗ ಬೇಗ ಟೆಂಪರೇಚರ್ ನೋಡಿ, ಲೇಬಲ್ ನೋಡಿ, ಫಾರಂ ಮೇಲೆ ಎಲ್ಲ ಕಡೆ ಓಕೆ ಎಂದು ಬರೆಯುತ್ತಿದ್ದೆ. ಸದಾಶಿವಣ್ಣ ಮೂರನೇ ಸಾಲಿನಲ್ಲಿ ನಿಂತರು. ಒಂದನ್ನು ತಟ್ಟಿದರು, ಪಕ್ಕದ್ದನ್ನು ತಟ್ಟಿದರು, ಮತ್ತೆ ಮೊದಲಿನದ್ದಕ್ಕೆ ಬಂದರು.

"ಬಾಯಮ್ಮ, ಇದ್ರ ಸ್ವರ ಸರಿ ಇಲ್ಲ. ಒಳಗೆ ಟೊಳ್ಳು ಉಂಟು. ಒಂದು ಕತ್ತರಿಸಿ ನೋಡುವನಾ?"

ಒಂದು ಕತ್ತರಿಸಿದರೆ ಅದಕ್ಕೆ ಬೇರೆ ಫಾರಂ, ಮ್ಯಾನೇಜರರ ಒಪ್ಪಿಗೆ, ಫೋಟೊ. ಮಗಳ ಶಾಲೆಯಲ್ಲಿ ಮೀಟಿಂಗ್ ಇತ್ತು, ನಾನು ನಾಲ್ಕಕ್ಕೆ ಹೊರಡಬೇಕಿತ್ತು.

"ಸ್ವರ ಸರಿ ಇಲ್ಲ ಅಂತ ಯಾವ ಕಾಲಮಿನಲ್ಲಿ ಬರೀಲಿ ಮಾರಾಯ್ರೆ?" ಎಂದು ನಕ್ಕುಬಿಟ್ಟೆ. ಅವರೂ ನಕ್ಕರು. ಸಹಿ ಹಾಕಿದೆ, ಮೀಟಿಂಗಿಗೆ ಹೋದೆ.

ಆಗಸ್ಟಿನಲ್ಲಿ ಒಂದು ದೊಡ್ಡ ಹೋಟೆಲಿನಿಂದ ಮಾಲು ವಾಪಸು ಬಂತು. ಕತ್ತರಿಸಿದರೆ ಒಳಗೆ ಬಿರುಕು ಬಿರುಕು, ಮತ್ತೆ ಆ ಹಾಲು ಕಕ್ಕಿದ ವಾಸನೆ. ಉಳಿದದ್ದನ್ನು ಕತ್ತರಿಸಿದೆವು, ಅರ್ಧಕ್ಕರ್ಧ ಹಾಗೆಯೇ. ಮ್ಯಾನೇಜರ್ ನನ್ನ ಜೂನಿನ ಫಾರಂ ತೆಗೆಸಿದರು. ಬಂದ ದಿನ ಎಲ್ಲವೂ ಓಕೆ. ಅಂದರೆ ಹಾಳಾದದ್ದು ನಮ್ಮಲ್ಲಿಯೇ. ಕೋಲ್ಡ್ ರೂಮಿನ ದಾಖಲೆ ನೋಡಿದಾಗ ಜುಲೈಯ ಒಂದು ಮಧ್ಯಾಹ್ನ ನಾಲ್ಕು ಗಂಟೆ ಕಾಲ ಆರು ಡಿಗ್ರಿ ಇದ್ದದ್ದು ಹದಿನಾಲ್ಕಕ್ಕೆ ಏರಿದ್ದು ಸಿಕ್ಕಿತು. ಆ ದಿನ ಇಬ್ಬರು ರಜೆಯಲ್ಲಿದ್ದರು. ಬೆಣ್ಣೆಯ ಕಂಟೈನರ್ ಬಂದಿದೆ, ಓಡಿ ಎಂದು ಸದಾಶಿವಣ್ಣನನ್ನು ಆಚೆ ಕಳಿಸಿದ್ದರು. ಬಾಗಿಲು ಪೂರ್ತಿ ಹಾಕಿಕೊಂಡಿರಲಿಲ್ಲ. ಅದು ನಿಜ. ಅವರೇ ಅದನ್ನು ಒಪ್ಪಿಕೊಂಡರು.

"ಕಾರಣ ಸಿಕ್ಕಿತಲ್ಲ. ಬರಿ, ಸಹಿ ಹಾಕು, ಖಲಾಸ್" ಎಂದರು ಮ್ಯಾನೇಜರ್.

ರಿಪೋರ್ಟಿನಲ್ಲಿ ಕಾರಣ ಎಂಬ ಕಾಲಮಿನ ಕೆಳಗೆ, ಯಾರಿಂದ ಎಂಬ ಇನ್ನೊಂದು ಕಾಲಮ್ ಇತ್ತು. ನಾನು ಬರೆಯುತ್ತಾ ಕೂತಿದ್ದಾಗ ಸದಾಶಿವಣ್ಣ ನನ್ನ ಟೇಬಲಿನ ಹತ್ತಿರ ಬಂದು ನಿಂತರು. ಟೋಪಿ ಕೈಯಲ್ಲಿತ್ತು.

"ಬಾಗಿಲಿನದ್ದು ಬರೀರಿ ಬಾಯಮ್ಮ, ಬೇಡ ಅಂತ ಹೇಳುದಿಲ್ಲ. ಬಂದ ದಿನ ನಾನು ನಿಮ್ಗೆ ಹೇಳಿದ್ದು ಉಂಟಲ್ಲ, ಅದನ್ನೂ ಒಂದು ಗೆರೆ ಬರೀರಿ."

"ನೋಡ್ತೇನೆ" ಎಂದೆ. ಬರೆಯಲಿಲ್ಲ. ಬರೆದರೆ ಆ ಎರಡನೇ ಕಾಲಮಿನಲ್ಲಿ ನನ್ನ ಹೆಸರು ಬರುತ್ತಿತ್ತು. ನನ್ನ ವೀಸಾ, ನನ್ನ ಕೆಲಸ, ಮಗಳ ಹತ್ತನೇ ಕ್ಲಾಸು ಎಲ್ಲ ಕಣ್ಣ ಮುಂದೆ ಬಂತು. ಅಲ್ಲದೆ ಬಾಗಿಲು ತೆರೆದಿದ್ದದ್ದು ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದೇ ತಿಂಗಳ ಕೊನೆಗೆ ಅವರ ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸಿದರು. ಹೊರಡುವ ದಿನ ನಾನು ಲ್ಯಾಬಿನಿಂದ ಹೊರಗೆ ಬರಲಿಲ್ಲ. ಕೆಲಸ ಏನೂ ಇರಲಿಲ್ಲ. ಬಾಗಿಲು ಹಾಕಿಕೊಂಡು ಸುಮ್ಮನೆ ಕೂತಿದ್ದೆ.

ಸೆಪ್ಟೆಂಬರಿನಲ್ಲಿ ನಾವು ಮೂವರೂ ಹಾಲೆಂಡಿಗೆ ಹೋಗುವುದೆಂದು ಮೊದಲೇ ನಿಶ್ಚಯವಾಗಿತ್ತು. ಆರು ವರ್ಷ ಲೇಬಲ್ ಮೇಲೆ ಹೆಸರು ಓದಿದ ಆ ಊರುಗಳನ್ನು ಕಣ್ಣಾರೆ ನೋಡಬೇಕೆಂಬ ಹಟ ನನ್ನದೇ. ವೀಸಾ ಬಂತು, ಟಿಕೆಟ್ ಆಯಿತು, ಆಮೇಲೆ ಗಂಡ ರೋಶನ್ ಕೆಲಸ ಮಾಡುವ ಆಸ್ಪತ್ರೆಯಲ್ಲಿ ಅವನ ರಜೆ ಕ್ಯಾನ್ಸಲ್. ಮಗಳು ಅಪ್ಪನಿಲ್ಲದೆ ಬರುವುದಿಲ್ಲ ಎಂದು ಕೂತಳು. "ನೀನಾದರೂ ಹೋಗಿ ಬಾ. ನಾಲ್ಕು ದಿನ ತಾನೆ. ನಿನ್ನ ಮುಖ ನೋಡಿದರೆ ಒಂದು ತಿಂಗಳಿಂದ ಜ್ವರ ಬಂದವಳ ಹಾಗೆ ಇದ್ದಿ" ಎಂದ ರೋಶನ್. ಅವನಿಗೆ ನಾನು ಏನೂ ಹೇಳಿರಲಿಲ್ಲ. ನಲವತ್ತನಾಲ್ಕನೇ ವಯಸ್ಸಿನಲ್ಲಿ ಮೊದಲ ಸಲ ಒಬ್ಬಳೇ ವಿಮಾನ ಹತ್ತಿದೆ.

ಟೂರ್ ಗ್ರೂಪು ಇಲ್ಲ, ಗೈಡ್ ಇಲ್ಲ, ಕೈಯಲ್ಲಿ ಫೋನು ಮಾತ್ರ. ಆಮ್‌ಸ್ಟರ್‌ಡ್ಯಾಮಿನ ಹೋಟೆಲ್ ರೂಮು ನಮ್ಮ ಕೋಲ್ಡ್ ರೂಮಿನ ಕಾಲು ಭಾಗ ಇತ್ತು. ಅಲ್ಕ್‌ಮಾರ್ ಎಂಬ ಊರಿನಲ್ಲಿ ಬೇಸಿಗೆಯ ಶುಕ್ರವಾರಗಳಂದು ಹಳೆಯ ಪದ್ಧತಿಯ ಚೀಸ್ ಸಂತೆ ನಡೆಯುತ್ತದೆ. ಶುಕ್ರವಾರ ಬೆಳಿಗ್ಗೆ ರೈಲು ಹಿಡಿದೆ. ತಪ್ಪು ರೈಲು ಹತ್ತಿದೆನೇನೋ ಎಂದು ಜೀವ ಬಾಯಿಗೆ ಬಂದು, ಎದುರಿಗಿದ್ದ ಅಜ್ಜಿಯನ್ನು ಎರಡೆರಡು ಸಲ ಕೇಳಿದೆ. ಕಿಟಕಿಯ ಹೊರಗೆ ಹಸಿರು ಗದ್ದೆಯಂಥ ಬಯಲು, ನಡುವೆ ನೇರ ಕಾಲುವೆ, ಮೇಯುವ ದನಗಳು. ಜಿನುಗು ಮಳೆ. ದುಬೈಯ ಸೆಕೆಯಿಂದ ಬಂದ ನನಗೆ ಆ ತಂಪಿಗೇ ಅಳು ಬರುವಂತಾಯಿತು. ಸುಮ್ಮನೆ ಸಂತೋಷಪಡು, ಎಂದು ನನ್ನನ್ನು ನಾನೇ ಗದರಿಸಿಕೊಂಡೆ.

ಸ್ಟೇಷನ್ನಿನಿಂದ ಜನ ಹೋದ ಕಡೆಗೇ ನಡೆದೆ. ಕಾಲುವೆ ದಾಟಿದರೆ ಕಲ್ಲು ಹಾಸಿದ ಚೌಕ, ಎದುರಿಗೆ ಗಡಿಯಾರದ ಗೋಪುರವಿರುವ, ಚೀಸ್ ತೂಗುವ ಹಳೆಯ ಕಟ್ಟಡ. ಚೌಕದ ತುಂಬಾ ಚೀಸ್, ಸಾಲು ಸಾಲಾಗಿ ನೆಲದ ಮೇಲೆ ಜೋಡಿಸಿಟ್ಟದ್ದು. ಆರು ವರ್ಷ ಡಬ್ಬಿಯೊಳಗೆ, ಮಂಜಿನೊಳಗೆ ಕಂಡ ಅದೇ ಹಳದಿ ಗಾಲಿಗಳು ಬಯಲಲ್ಲಿ ಮಳೆಹನಿ ಹೊತ್ತು ಕೂತಿದ್ದವು. ಹತ್ತು ಗಂಟೆಗೆ ಗಂಟೆ ಬಾರಿಸಿದರು. ಬಿಳಿ ಬಟ್ಟೆ, ಬಣ್ಣದ ಹುಲ್ಲಿನ ಟೋಪಿ ಹಾಕಿದ ಹೊರುವವರು, ಇಬ್ಬಿಬ್ಬರಾಗಿ, ದೋಣಿಯ ಆಕಾರದ ಮರದ ಚೌಕಟ್ಟಿನಲ್ಲಿ ಎಂಟೆಂಟು ಚೀಸ್ ಹೇರಿ, ಹೆಗಲಿಗೆ ಪಟ್ಟಿ ಹಾಕಿಕೊಂಡು ಓಡಿದರು. ಓಟವೂ ಅಲ್ಲ, ನಡಿಗೆಯೂ ಅಲ್ಲ. ಹೊರೆ ಅಲುಗಾಡದಂತೆ ಇಬ್ಬರೂ ಹೆಜ್ಜೆ ತಪ್ಪಿಸಿ ತಪ್ಪಿಸಿ ಇಡುವ ಒಂದು ರೀತಿ. ಇಬ್ಬರು ವ್ಯಾಪಾರಿಗಳು ಎದುರುಬದುರು ನಿಂತು ಒಂದೊಂದು ಬೆಲೆ ಕೂಗುತ್ತಾ ಪರಸ್ಪರ ಅಂಗೈಗೆ ಹೊಡೆಯುತ್ತಿದ್ದರು. ಕೊನೆಯ ಹೊಡೆತಕ್ಕೆ ವ್ಯಾಪಾರ ಮುಗಿಯಿತು. ಕಾಗದ ಇಲ್ಲ, ಸಹಿ ಇಲ್ಲ. ಈಗ ಇದೆಲ್ಲ ಪ್ರವಾಸಿಗಳಿಗಾಗಿ ಆಡುವ ಆಟ ಎಂದು ಪಕ್ಕದವರು ಹೇಳಿದರು. ಇರಲಿ ಎಂದುಕೊಂಡೆ, ನನಗೆ ಖುಷಿಯೇ ಆಯಿತು. ಒಂದು ಗಂಟೆ ಕಾಲ ನಾನು ಏನನ್ನೂ ನೆನೆಯಲಿಲ್ಲ.

ಆಮೇಲೆ ಬಿಳಿ ಕೋಟಿನ ಒಬ್ಬ ಮುದುಕರು ನಾನು ನಿಂತಿದ್ದ ಹಗ್ಗದ ಹತ್ತಿರದ ಸಾಲಿಗೆ ಬಂದರು. ಪರೀಕ್ಷೆ ಮಾಡುವವರು. ಒಂದು ಚೀಸನ್ನು ಎತ್ತಿ ಮೊಣಕೈ ಮೇಲಿಟ್ಟುಕೊಂಡು ಬೆರಳ ಗಂಟಿನಿಂದ ತಟ್ಟಿದರು. ಕಿವಿಗೊಟ್ಟರು. ಕೆಳಗಿಟ್ಟು ಪಕ್ಕದ್ದನ್ನು ಎತ್ತಿದರು, ತಟ್ಟಿದರು.

ನಾನು ಹಗ್ಗಕ್ಕೆ ಒರಗುವಷ್ಟು ಹತ್ತಿರ ಹೋದೆ.

ಅವರು ಒಂದು ಕೊಳವೆಯಂಥ ಕಬ್ಬಿಣವನ್ನು ಚೀಸಿಗೆ ಚುಚ್ಚಿ ತಿರುಗಿಸಿ, ಒಳಗಿನದ್ದನ್ನು ಬೆರಳುದ್ದ ಹೊರತೆಗೆದರು. ತುದಿಯನ್ನು ಮುರಿದು ಮೂಸಿದರು, ಬೆರಳಲ್ಲಿ ಹಿಸುಕಿದರು, ಬಾಯಿಗೆ ಹಾಕಿದರು. ಉಳಿದದ್ದನ್ನು ಅದೇ ತೂತಿಗೆ ತುರುಕಿ ಹೆಬ್ಬೆರಳಿನಿಂದ ಒತ್ತಿ ಸಮ ಮಾಡಿದರು. ಇನ್ನೊಂದರದ್ದನ್ನು ತೆಗೆದು, ಹಗ್ಗದ ಈಚೆ ನಿಂತವರಿಗೆ ಚೂರು ಚೂರು ಕೊಟ್ಟರು. ನನ್ನ ಕೈಗೂ ಒಂದು ಚೂರು ಬಂತು.

"ನಾನೂ ಇದೇ ಕೆಲಸದಲ್ಲಿ ಇದ್ದೇನೆ, ದುಬೈಯಲ್ಲಿ" ಎಂದೆ ಇಂಗ್ಲಿಷಿನಲ್ಲಿ. ಯಾಕೆ ಹೇಳಿದೆನೋ.

ಮುದುಕರ ಮುಖ ಅರಳಿತು. "ಅಷ್ಟು ಬಿಸಿಲಿನಲ್ಲಿ ನಮ್ಮ ಚೀಸಾ! ಚೆನ್ನಾಗಿ ನೋಡಿಕೊಳ್ಳುತ್ತೀರಿ ತಾನೆ?"

ರಿಪೋರ್ಟಿಗೆಂದು ತೆಗೆದ ಫೋಟೊಗಳು ನನ್ನ ಫೋನಿನಲ್ಲೇ ಇದ್ದವು. ಅಳಿಸಬೇಕೆಂದು ಎಷ್ಟು ಸಲ ಹೊರಟಿದ್ದೆನೋ. ತೆಗೆದು ತೋರಿಸಿದೆ. ಅವರು ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದರು.

"ಇದಾ? ಇದು ಹುಟ್ಟಿನಿಂದಲೇ ಬಂದ ಕಾಯಿಲೆ. ದನ ಹಾಳು ಮೇವು ತಿಂದಿದೆ, ಹಾಲಿಗೆ ಬಂದಿದೆ. ತಿಂಗಳುಗಟ್ಟಲೆ ಒಳಗೇ ಹುಳಿತು ಗಾಳಿ ಕಟ್ಟುತ್ತದೆ, ಆಮೇಲೆ ಒಡೆಯುತ್ತದೆ. ಹೊರಗಿನಿಂದ ಕಾಣುವುದಿಲ್ಲ."

"ಕೋಲ್ಡ್ ರೂಮಿನ ಬಾಗಿಲು ನಾಲ್ಕು ಗಂಟೆ ತೆರೆದಿತ್ತು. ಹದಿನಾಲ್ಕು ಡಿಗ್ರಿಗೆ ಹೋಗಿತ್ತು. ಅದರಿಂದ ಆಗಿರಬಹುದಲ್ಲ?" ನನ್ನ ಧ್ವನಿಯಲ್ಲಿ ಇದ್ದದ್ದು ಪ್ರಶ್ನೆಯಲ್ಲ, ಬೇಡಿಕೆ. ಹೌದು ಎನ್ನಲಿ ಎಂದು ಬೇಡುತ್ತಿದ್ದೆ.

ಅವರು ನಕ್ಕರು. "ಇಲ್ಲಿ ಅವನ್ನು ಹದಿನಾಲ್ಕು ಡಿಗ್ರಿಯಲ್ಲೇ ಹಣ್ಣು ಮಾಡುವುದು. ನಾಲ್ಕು ಗಂಟೆ ಬಾಗಿಲು ತೆರೆದದ್ದು ಹನ್ನೆರಡು ಕಿಲೋದ ಚೀಸಿಗೆ ಗೊತ್ತೂ ಆಗುವುದಿಲ್ಲ. ಬಂದ ದಿನವೇ ಇದರ ದನಿ ಬೇರೆ ಇರುತ್ತದೆ. ನಿಮ್ಮಲ್ಲಿ ಯಾರೂ ತಟ್ಟಲಿಲ್ಲವಾ?"

"ತಟ್ಟಿದರು."

"ಮತ್ತೆ? ಏನೆಂದ ಅವನು?"

ಮುದುಕರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಅವರನ್ನು ಯಾರೋ ಕರೆದರು, ಫೋನನ್ನು ನನ್ನ ಕೈಯಲ್ಲಿಟ್ಟು ಮುಂದಿನ ಸಾಲಿಗೆ ಹೋದರು. ಚೀಸಿನ ಚೂರು ನನ್ನ ಬೆರಳುಗಳ ನಡುವೆ ಮೆತ್ತಗಾಗಿತ್ತು. ಬಾಯಿಗೆ ಹಾಕಿಕೊಂಡೆ, ನುಂಗಲಾಗಲಿಲ್ಲ, ಕಾಲುವೆಯ ಬದಿಗೆ ಹೋಗಿ ಉಗಿದೆ. ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ. ಒಬ್ಬಳೇ ಬಂದದ್ದರ ಒಂದು ಪ್ರಯೋಜನ ಅದು, ಏನಾಯಿತು ಎಂದು ಕೇಳುವವರಿರಲಿಲ್ಲ. ಭಾರತದ ಒಂದು ಟೂರ್ ಗ್ರೂಪು ಬಾವುಟ ಹಿಡಿದ ಗೈಡಿನ ಹಿಂದೆ ಹೋಯಿತು. ಅದರಲ್ಲೊಬ್ಬರು ನನ್ನನ್ನು ನೋಡಿ, ತಮ್ಮ ಗುಂಪಿನಿಂದ ತಪ್ಪಿಸಿಕೊಂಡಿದ್ದೀರಾ ಎಂದು ಹಿಂದಿಯಲ್ಲಿ ಕೇಳಿದರು. ಇಲ್ಲ ಎಂದೆ.

ಉಳಿದ ಎರಡು ದಿನ ಎಲ್ಲೆಲ್ಲಿ ತಿರುಗಿದೆನೋ ನೆನಪಿಲ್ಲ. ದುಬೈಗೆ ಬಂದ ಮೇಲೆ ರೋಶನ್‌ಗೆ ಎಲ್ಲ ಹೇಳಿದೆ. ಅವನು, "ಬರೆದುಕೊಡು, ಐರಿನ್. ಕೆಲಸ ಹೋದರೆ ಹೋಗಲಿ, ನೋಡಿಕೊಳ್ಳೋಣ" ಎಂದ. ಅಷ್ಟು ಸುಲಭವಾಗಿ ಹೇಳಿದ್ದಕ್ಕೆ ಅವನ ಮೇಲೆಯೇ ಸಿಟ್ಟು ಬಂತು. ಒಂದು ತಿಂಗಳು ಮೊದಲೇ ಅವನನ್ನು ಕೇಳಿದ್ದಿದ್ದರೆ ಇದನ್ನೇ ಹೇಳುತ್ತಿದ್ದನಲ್ಲ.

ಬರೆಯಲು ಎಂಟು ದಿನ ಬೇಕಾಯಿತು. ಜೂನಿನಲ್ಲಿ ಸದಾಶಿವಣ್ಣ ನನಗೆ ತಿಳಿಸಿದ್ದರು, ನಾನು ಗಮನ ಕೊಡಲಿಲ್ಲ, ಬಾಗಿಲಿಗೂ ಇದಕ್ಕೂ ಸಂಬಂಧವಿಲ್ಲ, ಅವರನ್ನು ವಾಪಸು ಕರೆಸಬೇಕು ಎಂದು ಬರೆದು, ಯಾರಿಂದ ಎಂಬ ಕಾಲಮಿನಲ್ಲಿ ನನ್ನ ಹೆಸರು ಹಾಕಿದೆ. ಮ್ಯಾನೇಜರ್ ಓದಿದರು. ನಾನು ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದೆ.

"ಮೊದಲೇ ಹೇಳಬಾರದಿತ್ತಾ?" ಎಂದರು. ಬೈಯಲಿಲ್ಲ. "ಅವನ ಜಾಗಕ್ಕೆ ಬೇರೆಯವನು ಬಂದಾಯಿತು, ವೀಸಾ ಆಯಿತು. ಖಲಾಸ್, ಇನ್ನೇನೂ ಮಾಡಲಾಗುವುದಿಲ್ಲ. ನಿನಗೆ ಒಂದು ವಾರ್ನಿಂಗ್ ಲೆಟರ್ ಬರುತ್ತದೆ, ಸಹಿ ಹಾಕಿ ಕೊಡು. ಯಲ್ಲಾ, ಹೊರಡು, ಮಧ್ಯಾಹ್ನ ಕಂಟೈನರ್ ಇದೆ."

ಅಷ್ಟೆ. ನನ್ನ ವೀಸಾ ಹೋಗಲಿಲ್ಲ, ಕೆಲಸ ಹೋಗಲಿಲ್ಲ, ಮಗಳ ಶಾಲೆ ನಿಲ್ಲಲಿಲ್ಲ. ಯಾವುದಕ್ಕೆ ಹೆದರಿ ಒಬ್ಬ ಮನುಷ್ಯನ ಹದಿನಾಲ್ಕು ವರ್ಷ ಮುಗಿಸಿದ್ದೆನೋ ಅದು ಬರೀ ಅರ್ಧ ಪುಟದ ಒಂದು ಕಾಗದವಾಗಿತ್ತು. ನನ್ನನ್ನೂ ತೆಗೆದುಹಾಕಿದ್ದರೆ ಚೆನ್ನಾಗಿತ್ತು ಎಂದು ಆ ದಿನ ಮನಸಾರೆ ಅಂದುಕೊಂಡೆ. ಮುಂದಿನ ವರ್ಷ ನಾನಾಗಿಯೇ ಬಿಟ್ಟು ಅಬುಧಾಬಿಗೆ ಬಂದೆ, ಆದರೆ ಅದು ದೊಡ್ಡಸ್ತಿಕೆಯ ಮಾತಲ್ಲ.

ಮ್ಯಾನೇಜರಿಗೆ ಬರೆದುಕೊಟ್ಟ ವಾರದ ಶುಕ್ರವಾರ ಮಧ್ಯಾಹ್ನ ಊರಿನಲ್ಲಿದ್ದ ಸದಾಶಿವಣ್ಣನಿಗೆ ಫೋನ್ ಮಾಡಿದೆ. ಹಿಂದಿನಿಂದ ಪಾತ್ರೆಯ ಸದ್ದು ಕೇಳುತ್ತಿತ್ತು. ನನ್ನ ದನಿ ಕೇಳಿ ಅವರು, "ಓ, ಬಾಯಮ್ಮ! ಹೇಗಿದ್ದೀರಿ? ಮಗಳು ಹೇಗುಂಟು?" ಎಂದರು. ನಾನು ನಿಲ್ಲಿಸದೆ ಎಲ್ಲವನ್ನೂ ಹೇಳಿ ಮುಗಿಸಿದೆ. ಸಂತೆಯದ್ದು, ಮುದುಕರದ್ದು, ಬಾಗಿಲಿನಿಂದ ಆದದ್ದಲ್ಲವೆಂಬುದು, ತಪ್ಪು ನನ್ನದೆಂಬುದು.

"ಅಲ್ಲಿಯೂ ತಟ್ಟಿಯೇ ನೋಡುದಾ?" ಎಂದರು.

"ಹೌದು, ಸದಾಶಿವಣ್ಣ."

"ಅದೇ ಮತ್ತೆ." ಆಮೇಲೆ ದನಿ ತಗ್ಗಿಸಿದರು. "ಬಾಯಮ್ಮ, ಒಂದು ಉಪಕಾರ ಮಾಡಿ. ಇದನ್ನು ನನ್ನ ಹೆಂಡತಿಗೆ ಹೇಳಿ. ನಾನು ಹೇಳಿದ್ರೆ ಅವಳು ನಂಬುದಿಲ್ಲ. ಬಾಗಿಲು ತೆರೆದಿಟ್ಟು ಎಲ್ಲೋ ಮಲಗಿದ್ದೆ, ಅದಕ್ಕೇ ಓಡಿಸಿದ್ರು ಅಂತ ಊರಲ್ಲಿ ಎಲ್ಲ ಮಾತಾಡಿಕೊಳ್ತಾರೆ. ಅವಳೂ ಹಾಗೇ ತಿಳ್ಕೊಂಡಿದ್ದಾಳೆ. ಬಾಯಿಬಿಟ್ಟು ಹೇಳುದಿಲ್ಲ, ಆದ್ರೆ ನನಗೆ ಗೊತ್ತಾಗ್ತದೆ."

ಫೋನು ಕೈ ಬದಲಾಯಿತು. ಆಕೆಯನ್ನು ನಾನು ನೋಡಿಯೇ ಇರಲಿಲ್ಲ. ಅಕ್ಕ ಎಂದು ಕರೆದು, ನನ್ನ ಅರೆಬರೆ ತುಳುವಿನಲ್ಲಿ ಮತ್ತೊಮ್ಮೆ ಮೊದಲಿನಿಂದ ಹೇಳಿದೆ. ಅವರು ಏನೂ ತಪ್ಪು ಮಾಡಿಲ್ಲ, ಸುಳ್ಳು ಬರೆದು ಸಹಿ ಹಾಕಿದವಳು ನಾನು, ಈಗ ಕಂಪೆನಿಗೂ ಅದನ್ನು ಬರೆದುಕೊಟ್ಟಿದ್ದೇನೆ ಎಂದೆ. ಪಾತ್ರೆಯ ಸದ್ದು ನಿಂತಿತ್ತು. ಆಕೆ ಬೈಯುತ್ತಾರೆಂದು ಕಾದೆ.

"ದೇವರೇ" ಎಂದರು ಆಕೆ. ದನಿಯಲ್ಲಿ ಇದ್ದದ್ದು ಸಿಟ್ಟಲ್ಲ, ಅವಸರದ ಸಂತೋಷ. "ಹಾಗಾದ್ರೆ ಇವರನ್ನು ವಾಪಸ್ ಕರೀತಾರಲ್ಲ, ಬಾಯಮ್ಮ? ಪಾಸ್‌ಪೋರ್ಟ್ ಎಲ್ಲ ಕಪಾಟಿನಲ್ಲೇ ಉಂಟು. ಯಾವಾಗ ಹೊರಡ್ಬೇಕು ಹೇಳಿದ್ರು?"

ಹಿಂದಿನಿಂದ ಸದಾಶಿವಣ್ಣ ಫೋನು ಕೊಡು, ಕೊಡು ಎಂದು ತುಳುವಿನಲ್ಲಿ ಹೇಳುವುದು ಕೇಳಿಸಿತು. ಆಕೆ ಕೊಡಲಿಲ್ಲ. ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಇಲ್ಲ ಅಕ್ಕ" ಎಂದೆ. "ಕರೆಯುವುದಿಲ್ಲ."